ಹಾಡಿಗೆ ಪದ್ಮಶ್ರೀ, ಹಕ್ಕಿಗೆ ಕಾಗದಪತ್ರ!

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಬಡಗೇರಿಯ ಜನಪದ ಗಾಯಕಿ ಸುಕ್ರಿ ಬೊಮ್ಮಗೌಡ 2025ರ ಫೆಬ್ರುವರಿ 13ರಂದು ಇಹಲೋಕ ತ್ಯಜಿಸಿದರು. ಅದಕ್ಕೂ ಎರಡು ತಿಂಗಳು ಮೊದಲು, 2024ರ ಡಿಸೆಂಬರ್ 16ರಂದು, ಅದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಕಣ್ಮುಚ್ಚಿದ್ದರು. ಒಬ್ಬರು ಹಾಡಿನಿಂದ, ಮತ್ತೊಬ್ಬರು ಗಿಡಮರಗಳಿಂದ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದವರು. ಇಬ್ಬರೂ ಹಾಲಕ್ಕಿ ಒಕ್ಕಲಿಗ ಸಮುದಾಯದವರು. ಒಂದೇ ತಾಲ್ಲೂಕಿನ, ಒಂದೇ ಬುಡಕಟ್ಟಿನ, ಶಾಲೆಯ ಮೆಟ್ಟಿಲನ್ನೇ ಹತ್ತದ ಇಬ್ಬರು ಮಹಿಳೆಯರು ರಾಷ್ಟ್ರಪತಿ ಭವನದವರೆಗೆ ನಡೆದು ಹೋದುದು ಕರ್ನಾಟಕದ ಸಾಂಸ್ಕೃತಿಕ ಚರಿತ್ರೆಯಲ್ಲಿ ಅಪರೂಪದ ಸಂಗತಿ.

ಸಂತಾಪ ಸಂದೇಶಗಳಿಗೆ ಕೊರತೆಯಾಗಲಿಲ್ಲ. ಆದರೆ ಈ ಇಬ್ಬರೂ ವೇದಿಕೆ ಸಿಕ್ಕಾಗಲೆಲ್ಲ ಮುಂದಿಟ್ಟಿದ್ದ ಒಂದು ಬೇಡಿಕೆ ಅವರ ಜೀವಿತಾವಧಿಯಲ್ಲಿ ಈಡೇರಲಿಲ್ಲ. ಹಾಲಕ್ಕಿ ಒಕ್ಕಲಿಗರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಬೇಕೆಂಬುದೇ ಆ ಬೇಡಿಕೆ. ಹಾಡನ್ನು ಬುಡಕಟ್ಟಿನ ಸಂಪತ್ತೆಂದು ಗೌರವಿಸಿದ ಸರ್ಕಾರವೇ ಹಾಡಿದವರ ಸಮುದಾಯವನ್ನು ಬುಡಕಟ್ಟೆಂದು ಒಪ್ಪದೆ ಉಳಿಯಿತು. ಈ ವೈರುಧ್ಯವನ್ನು ಬದಿಗಿಟ್ಟು ಸುಕ್ರಿಯವರ ಬದುಕನ್ನು ಅಳೆಯಲು ಬರುವುದಿಲ್ಲ.

ಗದ್ದೆಯಿಂದ ದೆಹಲಿಗೆ

ಸುಕ್ರಿ ಜನಿಸಿದ್ದು 1937ರಲ್ಲಿ ಎಂದು ಹೇಳಲಾಗುತ್ತದೆ. ತಾಯಿಯ ಬಾಯಿಂದ ಹಾಡು ಕಲಿತರು. ಹದಿಹರೆಯದಲ್ಲಿಯೇ ತಮಗಿಂತ ಬಹಳ ಹಿರಿಯರಾದ ಬೊಮ್ಮಗೌಡರನ್ನು ವಿವಾಹವಾದರು. ಅಕ್ಷರ ಬಾರದ ಈ ಮಹಿಳೆಯ ನೆನಪಿನಲ್ಲಿ ಸಾವಿರಾರು ಹಾಡುಗಳಿದ್ದವು. ನಾಟಿ, ಕೊಯ್ಲು, ಬೀಸುವುದು, ಕುಟ್ಟುವುದು, ಮದುವೆ, ಸೀಮಂತ, ಸುಗ್ಗಿ, ಸಾವು ಹೀಗೆ ಹಾಲಕ್ಕಿಗಳ ಬದುಕಿನಲ್ಲಿ ಹಾಡಿಲ್ಲದ ಕೆಲಸವಿಲ್ಲ. ಪುರುಷರ ಸುಗ್ಗಿ ಕುಣಿತ, ಗುಮಟೆ ವಾದ್ಯದ ಪಾಂಗು ಹೊರಗಿನವರ ಕಣ್ಣಿಗೆ ಬೀಳುವ ಕಲೆಗಳು. ಮಹಿಳೆಯರ ಹಾಡು ಗದ್ದೆಯ ಕೆಸರಿನಲ್ಲಿ, ಒಳಮನೆಯ ಒರಳಿನ ಸುತ್ತ ಉಳಿದ ಕಲೆ. ಅದನ್ನು ನಾಡಿಗೆ ಕೇಳಿಸಿದವರಲ್ಲಿ ಸುಕ್ರಿಯವರದು ಮೊದಲ ಸಾಲಿನ ಹೆಸರು.

ಎಲ್.ಆರ್. ಹೆಗಡೆ, ಎನ್.ಆರ್. ನಾಯಕ ಮುಂತಾದ ವಿದ್ವಾಂಸರು ಉತ್ತರ ಕನ್ನಡದ ಜನಪದ ಸಾಹಿತ್ಯವನ್ನು ಸಂಗ್ರಹಿಸಿ ಅಚ್ಚಿಗೆ ತಂದರು. ಕಾರವಾರ ಆಕಾಶವಾಣಿಯ ಮೂಲಕ ಕರಾವಳಿಯ ಇಂಥ ದನಿಗಳು ಮನೆಮನೆಗೆ ತಲುಪಿದವು. ಬಳಿಕ ಪ್ರಶಸ್ತಿಗಳು ಬಂದವು. ರಾಜ್ಯ ಸರ್ಕಾರದ ಜಾನಪದ ಶ್ರೀ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ, ಕೊನೆಗೆ 2017ರಲ್ಲಿ ಪದ್ಮಶ್ರೀ. ಕೊರಳ ತುಂಬ ಮಣಿಸರ ಧರಿಸಿ, ಹಾಲಕ್ಕಿ ಪದ್ಧತಿಯಂತೆ ಸೀರೆಯುಟ್ಟ ಅಜ್ಜಿಗೆ ಅಂದಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಪದಕ ಪ್ರದಾನ ಮಾಡಿದ ಛಾಯಾಚಿತ್ರ ನಾಡಿನ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು.

ಸುಕ್ರಿ ಹಾಡುಗಾರ್ತಿಯಷ್ಟೇ ಆಗಿರಲಿಲ್ಲ ಎಂಬುದು ಗಮನಾರ್ಹ. ಸಾಕಿದ ಮಗನನ್ನು ಕುಡಿತಕ್ಕೆ ಕಳೆದುಕೊಂಡ ಅವರು 1990ರ ದಶಕದಲ್ಲಿ ಸಾರಾಯಿ ವಿರೋಧಿ ಹೋರಾಟಕ್ಕೆ ಇಳಿದರು. ಹಾಡು ಅಲ್ಲಿ ಮನರಂಜನೆಯಾಗಿರದೆ ಹಳ್ಳಿಯ ಮಹಿಳೆಯರನ್ನು ಒಗ್ಗೂಡಿಸುವ ಸಾಧನವಾಯಿತು. ಗ್ರಾಮ ಪಂಚಾಯಿತಿ ಸದಸ್ಯೆಯಾಗಿಯೂ ಅವರು ಕೆಲಸ ಮಾಡಿದರು. ರಾಜ್ಯದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದಿದ್ದು 2007ರ ಜುಲೈ 1ರಿಂದ. ಸಾರಾಯಿ ಹೋದ ಜಾಗಕ್ಕೆ ಅಗ್ಗದ ಮದ್ಯ ಬಂದು ಕುಳಿತುದು ಬೇರೆ ಮಾತು. ಆದರೆ ನಿಷೇಧದ ಹಿಂದೆ ಇಂಥ ನೂರಾರು ಹಳ್ಳಿಗಳ ಮಹಿಳೆಯರ ಒತ್ತಾಯವಿತ್ತು.

ಅದೇ ವರ್ಷ ಹುಟ್ಟಿದ ಇನ್ನೊಬ್ಬ ಗಾಯಕ

ಸುಕ್ರಿ ಹುಟ್ಟಿದ ಅದೇ 1937ರಲ್ಲಿ ಆಸ್ಟ್ರೇಲಿಯಾದ ಮರ್ರಿ ನದಿಯ ದಂಡೆಯ ಕಮ್ಮೆರಗುಂಜ ಎಂಬ ಮೂಲನಿವಾಸಿಗಳ ವಸತಿಯಲ್ಲಿ ಜಿಮ್ಮಿ ಲಿಟಲ್ ಜನಿಸಿದರು. ಅವರು ಯೋರ್ಟಾ ಯೋರ್ಟಾ ಜನಾಂಗದವರು. 1939ರಲ್ಲಿ ಅಲ್ಲಿನ ದುರಾಡಳಿತವನ್ನು ಪ್ರತಿಭಟಿಸಿ ನಿವಾಸಿಗಳು ಸಾಮೂಹಿಕವಾಗಿ ವಸತಿಯನ್ನು ತೊರೆದು ನದಿ ದಾಟಿದ ಘಟನೆ ಆ ದೇಶದ ಹಕ್ಕು ಹೋರಾಟದ ಮೈಲಿಗಲ್ಲು. ಜಿಮ್ಮಿ ಕೈಗೆತ್ತಿಕೊಂಡದ್ದು ಗಿಟಾರ್. ಹಾಡಿದ್ದು ಕಂಟ್ರಿ ಸಂಗೀತ. ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಆ ಸಂಗೀತ ರೇಡಿಯೊ ಮತ್ತು ಗ್ರಾಮಫೋನ್ ಮೂಲಕ ಆಸ್ಟ್ರೇಲಿಯಾದ ದನಗಾಹಿ ವಸತಿಗಳನ್ನು ತಲುಪಿ ಅಲ್ಲಿನ ಮೂಲನಿವಾಸಿಗಳ ಸ್ವಂತ ಹಾಡೇ ಆಗಿಬಿಟ್ಟಿತ್ತು. ದುಡಿಮೆ, ಅಲೆದಾಟ, ಮನೆಯಿಂದ ದೂರವಿರುವ ನೋವು ಆ ಸಂಗೀತದ ವಸ್ತು. ಜಮೀನು ಕಳೆದುಕೊಂಡು ಬೇರೆಯವರ ದನ ಕಾಯುತ್ತಿದ್ದವರಿಗೆ ಅದು ಪರಕೀಯವೆನಿಸದಿದ್ದುದು ಸಹಜ.

1963ರಲ್ಲಿ ಜಿಮ್ಮಿ ಹಾಡಿದ ‘ರಾಯಲ್ ಟೆಲಿಫೋನ್’ ಆ ದೇಶದಾದ್ಯಂತ ಜನಪ್ರಿಯವಾಯಿತು. ವಿಪರ್ಯಾಸವೆಂದರೆ, ಜನಸಂಖ್ಯೆಯನ್ನು ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಎಣಿಸತಕ್ಕದ್ದಲ್ಲ ಎಂಬ ವಿಧಿ ಆಗಿನ್ನೂ ಆಸ್ಟ್ರೇಲಿಯಾ ಸಂವಿಧಾನದಲ್ಲಿತ್ತು. 1967ರ ಜನಮತಗಣನೆಯಲ್ಲಿ ಶೇಕಡ 90ಕ್ಕೂ ಹೆಚ್ಚು ಮತದಾರರು ಒಪ್ಪಿದ ಮೇಲಷ್ಟೇ ಅದು ರದ್ದಾಯಿತು. ಮನೆಮನೆಯ ರೇಡಿಯೊದಲ್ಲಿ ಕೇಳಿಸುತ್ತಿದ್ದ ಗಾಯಕ ನಾಲ್ಕು ವರ್ಷಗಳ ಕಾಲ ದೇಶದ ಲೆಕ್ಕದಲ್ಲಿರಲಿಲ್ಲ!

ಇದಕ್ಕಿಂತ ಹೆಚ್ಚು ಪಾಠ ಹೇಳುವುದು ನಂತರದ ಘಟನೆ. ಯೋರ್ಟಾ ಯೋರ್ಟಾ ಜನರು ತಮ್ಮ ಪೂರ್ವಿಕರ ನೆಲದ ಮೇಲಿನ ಹಕ್ಕಿಗಾಗಿ ನ್ಯಾಯಾಲಯದ ಮೊರೆ ಹೋದರು. 1998ರ ಡಿಸೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಆಲ್ನಿ ಆ ಕೋರಿಕೆಯನ್ನು ತಿರಸ್ಕರಿಸಿದರು. ಇತಿಹಾಸದ ಪ್ರವಾಹದಲ್ಲಿ ಆ ಜನರ ಸಾಂಪ್ರದಾಯಿಕ ಸಂಬಂಧ ಕೊಚ್ಚಿಹೋಗಿದೆ ಎಂಬುದು ತೀರ್ಪಿನ ಸಾರ. ಹಿರಿಯರು ಬಾಯಿಮಾತಿನಲ್ಲಿ ನುಡಿದ ಸಾಕ್ಷ್ಯಕ್ಕಿಂತ 19ನೇ ಶತಮಾನದ ಬಿಳಿಯ ವಲಸಿಗ ಎಡ್ವರ್ಡ್ ಕರ್ ಬರೆದಿಟ್ಟ ಪುಸ್ತಕಕ್ಕೆ ಹೆಚ್ಚಿನ ಬೆಲೆ ದೊರೆಯಿತು. 2002ರ ಡಿಸೆಂಬರ್‌ನಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯವೂ ಮೇಲ್ಮನವಿಯನ್ನು ವಜಾಗೊಳಿಸಿತು. ಈ ಎರಡು ತೀರ್ಪುಗಳ ನಡುವೆ, 1999ರಲ್ಲಿ, ಜಿಮ್ಮಿ ಲಿಟಲ್ ಆಸ್ಟ್ರೇಲಿಯಾದ ಸಂಗೀತ ಉದ್ಯಮದ ಶ್ರೇಷ್ಠರ ಸಾಲಿಗೆ ಸೇರ್ಪಡೆಯಾದರು. 2004ರಲ್ಲಿ ರಾಷ್ಟ್ರೀಯ ಗೌರವವೂ ಸಂದಿತು. ಹಾಡುಗಾರನಿಗೆ ಪದಕ ಸಿಕ್ಕಿತು. ಅವನ ಜನರಿಗೆ ನೆಲ ಸಿಗಲಿಲ್ಲ.

ಮೂತ್ರಪಿಂಡದ ವೈಫಲ್ಯದಿಂದ ಬಳಲಿ 2004ರಲ್ಲಿ ಕಸಿ ಮಾಡಿಸಿಕೊಂಡ ಜಿಮ್ಮಿ, ತಮ್ಮ ಜನರನ್ನು ಕಾಡುತ್ತಿರುವ ಅದೇ ಕಾಯಿಲೆಯ ವಿರುದ್ಧ ಕೆಲಸ ಮಾಡಲು 2006ರಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. 2012ರಲ್ಲಿ ನಿಧನರಾದರು. ಸ್ವಂತ ನೋವನ್ನು ಸಮುದಾಯದ ಕೆಲಸವನ್ನಾಗಿ ಪರಿವರ್ತಿಸಿದ ಈ ರೀತಿ ಬಡಗೇರಿಯ ಸುಕ್ರಿಯವರನ್ನೇ ನೆನಪಿಸುತ್ತದೆ. ಇಬ್ಬರಿಗೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿದ್ದಿರಲಾರದು. ಆದರೆ ಎರಡು ಸರ್ಕಾರಗಳು ಅವರನ್ನು ನಡೆಸಿಕೊಂಡ ಬಗೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ನಾಚಿಕೆಯೇ ಮಾನದಂಡ

ಪರಿಶಿಷ್ಟ ಪಂಗಡ ಯಾವುದೆಂದು ನಿರ್ಧರಿಸಲು ಭಾರತದಲ್ಲಿ ಇಂದಿಗೂ ಆಧಾರವಾಗಿರುವುದು 1965ರ ಲೋಕೂರ್ ಸಮಿತಿಯ ಐದು ಮಾನದಂಡಗಳು. ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಜನರ ಸಂಪರ್ಕಕ್ಕೆ ಅಂಜುವ ಸ್ವಭಾವ ಹಾಗೂ ಹಿಂದುಳಿದಿರುವಿಕೆ. ರಾಜ್ಯ ಸರ್ಕಾರದ ಶಿಫಾರಸಿಗೆ ರಿಜಿಸ್ಟ್ರಾರ್ ಜನರಲ್ ಹಾಗೂ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗ ಸಮ್ಮತಿಸಬೇಕು. ಬಳಿಕ ಸಂಸತ್ತಿನಲ್ಲಿ ಮಸೂದೆ ಅಂಗೀಕಾರವಾಗಬೇಕು. ಈ ದಾರಿಯಲ್ಲಿ ಒಂದು ಕಡೆ ಆಕ್ಷೇಪ ಬಂದರೂ ಕಡತ ಮರಳಿ ಬೆಂಗಳೂರಿಗೆ ಬರುತ್ತದೆ.

ಈ ಮಾನದಂಡಗಳನ್ನು ಸುಕ್ರಿಯವರ ಬದುಕಿನ ಎದುರಿಟ್ಟು ನೋಡಿದರೆ ಅಸಂಗತತೆ ಬಯಲಾಗುತ್ತದೆ. ಪ್ರಶಸ್ತಿ ಪಡೆಯಬೇಕಾದರೆ ಕಲಾವಿದೆ ವೇದಿಕೆ ಏರಬೇಕು, ಧ್ವನಿವರ್ಧಕದ ಮುಂದೆ ಹಾಡಬೇಕು, ದೆಹಲಿಗೆ ಹೋಗಬೇಕು. ಪಟ್ಟಿಗೆ ಸೇರಬೇಕಾದರೆ ಆಕೆಯ ಸಮುದಾಯ ಹೊರಗಿನವರ ಸಂಪರ್ಕಕ್ಕೆ ಅಂಜಬೇಕು! ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯ ಪೇಟೆಗಳಿಗೆ ತರಕಾರಿ ಹೊತ್ತು ತರುವ ಹಾಲಕ್ಕಿ ಮಹಿಳೆಯರು ಹಾಗೆ ಅಂಜಿ ಕುಳಿತರೆ ಸಂಜೆಯ ಗಂಜಿಗೆ ಗತಿಯಿಲ್ಲ. ಅಲ್ಲದೆ ಬುಡಕಟ್ಟುಗಳ ನೆಲೆಗೆ ಹೊರಜಗತ್ತೇ ನುಗ್ಗಿ ಬಂದಿದೆ. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕದಂಬ ನೌಕಾನೆಲೆಯಾಗಿ ರೂಪುಗೊಂಡ ಸೀಬರ್ಡ್ ಯೋಜನೆಗೆ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ನೆಲ ಬಿಟ್ಟುಕೊಟ್ಟವು. ಅವುಗಳಲ್ಲಿ ಹಾಲಕ್ಕಿಗಳ ಮನೆಗಳೂ ಇದ್ದವು.

ಪಟ್ಟಿಯ ತರ್ಕ ಒಂದೊಂದು ಗಡಿಯಲ್ಲಿ ಒಂದೊಂದು ತೆರನಾಗಿದೆ. ಗೋವಾದಲ್ಲಿ ಕುಣಬಿಗಳು 2003ರಲ್ಲಿಯೇ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಗಡಿಯ ಈಚೆಗಿನ ಜೊಯಿಡಾದ ಕುಣಬಿಗಳು ಸೇರಲಿಲ್ಲ. ಅದೇ ವರ್ಷ ಉತ್ತರ ಕನ್ನಡದ ಸಿದ್ದಿಗಳಿಗೆ ಮಾನ್ಯತೆ ದೊರೆಯಿತು; ಪಕ್ಕದ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಅದಕ್ಕಾಗಿ 2020ರವರೆಗೆ ಕಾದರು. ಮನುಷ್ಯರು ಬದಲಾಗಿರಲಿಲ್ಲ, ಜಿಲ್ಲೆಯ ಹೆಸರು ಮಾತ್ರ ಬದಲಾಗಿತ್ತು.

ಇನ್ನೊಂದು ಮುಖವನ್ನೂ ಗಮನಿಸುವುದು ನ್ಯಾಯ. ಪಟ್ಟಿ ಬೆಳೆದಂತೆಲ್ಲ ಮೊದಲೇ ಅದರಲ್ಲಿರುವ ಸಣ್ಣ, ದುರ್ಬಲ ಬುಡಕಟ್ಟುಗಳ ಪಾಲು ಕರಗುತ್ತದೆ ಎಂಬ ಆತಂಕ ನಿರಾಧಾರವಲ್ಲ. 2022ರಲ್ಲಿ ಕರ್ನಾಟಕ ಸರ್ಕಾರ ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು ಶೇಕಡ 3ರಿಂದ 7ಕ್ಕೆ ಏರಿಸಲು ಮುಂದಾದಾಗ ಹೊಸ ಬೇಡಿಕೆಗಳು ಇನ್ನಷ್ಟು ಬಲಗೊಂಡವು. ಎಲ್ಲ ಬೇಡಿಕೆಗಳನ್ನೂ ಒಪ್ಪಲಾಗದು ಎಂಬುದು ಸರಿ. ಆದರೆ ಒಪ್ಪಲು ಅಥವಾ ನಿರಾಕರಿಸಲು ಅರವತ್ತು ವರ್ಷ ಹಳೆಯ ಅಳತೆಗೋಲೇ ಸಾಕೆನ್ನುವುದು ಸರಿಯಲ್ಲ.

ಮೂರು ತಲೆಮಾರಿನ ಕಾಗದ

ಪರಿಶಿಷ್ಟ ಪಂಗಡದ ಮಾನ್ಯತೆ ಎಂದರೆ ಶಾಲೆಯ ಪ್ರವೇಶ, ಸರ್ಕಾರಿ ನೌಕರಿ ಎಂದಷ್ಟೇ ಭಾವಿಸುವವರು ಹೆಚ್ಚು. ಉತ್ತರ ಕನ್ನಡದಂಥ ಅರಣ್ಯ ಜಿಲ್ಲೆಯಲ್ಲಿ ಅದರ ನಿಜವಾದ ತೂಕ ತಿಳಿಯುವುದು ಜಮೀನಿನ ಪ್ರಶ್ನೆ ಬಂದಾಗ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದ ಕುಟುಂಬ 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯ ಭೂಮಿಯಲ್ಲಿ ನೆಲೆಸಿದ್ದುದನ್ನು ತೋರಿಸಿದರೆ ಸಾಕು. ಪಟ್ಟಿಯಲ್ಲಿಲ್ಲದವರು ಆ ದಿನಾಂಕಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷಗಳ ಕಾಲ ತಾವು ಅಲ್ಲಿದ್ದುದನ್ನು ಸಾಬೀತುಪಡಿಸಬೇಕು. ಅಂದರೆ 1930ರಿಂದ. ಆಗ ಸುಕ್ರಿಯವರಿನ್ನೂ ಹುಟ್ಟಿರಲಿಲ್ಲ!

ಓದು ಬರಹ ಇಲ್ಲದ, ಜನನ ದಿನಾಂಕವನ್ನೇ ಬರೆದಿಡದ ಸಮುದಾಯವೊಂದು 1930ರ ಕಾಗದವನ್ನು ಎಲ್ಲಿಂದ ತರಬೇಕು? ಜಿಲ್ಲೆಯಲ್ಲಿ ಪಟ್ಟಿಯ ಹೊರಗಿನ ಅರಣ್ಯವಾಸಿಗಳ ಅರ್ಜಿಗಳು ಬಹುಪಾಲು ತಿರಸ್ಕೃತವಾಗಿರುವುದಕ್ಕೆ ಈ ಷರತ್ತೇ ಪ್ರಮುಖ ಕಾರಣ. 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸುವಂತೆ ಆದೇಶಿಸಿದಾಗ ದೇಶದ ಲಕ್ಷಾಂತರ ಕುಟುಂಬಗಳು ಕಂಗಾಲಾದವು. ಎರಡೇ ವಾರದಲ್ಲಿ, ಫೆಬ್ರುವರಿ 28ರಂದು, ನ್ಯಾಯಾಲಯವೇ ಆ ಆದೇಶಕ್ಕೆ ತಡೆ ನೀಡಿತು.

ವಾಸ್ತವದಲ್ಲಿ ಕಾನೂನು ಅಧಿಕಾರಿಗಳಷ್ಟು ಕಠಿಣವಾಗಿಲ್ಲ. ಅರಣ್ಯ ಹಕ್ಕು ನಿಯಮಗಳ 13ನೇ ನಿಯಮ ಯಾವುದನ್ನು ಸಾಕ್ಷ್ಯವೆಂದು ಪರಿಗಣಿಸಬಹುದೆಂದು ವಿವರಿಸುತ್ತದೆ. ಸರ್ಕಾರಿ ದಾಖಲೆಗಳ ಜೊತೆಗೆ ಮನೆ, ಬಾವಿ, ಸಮಾಧಿ, ಪೂಜಾಸ್ಥಳದಂಥ ಕುರುಹುಗಳು, ವಂಶಾವಳಿ, ಊರಿನ ಹಿರಿಯರು ನುಡಿದು ಬರೆಸಿದ ಹೇಳಿಕೆ ಇವೆಲ್ಲವೂ ಆ ಪಟ್ಟಿಯಲ್ಲಿವೆ. ಅಂದರೆ ಬಾಯಿಮಾತಿಗೆ ಕಾನೂನು ಬಾಗಿಲು ತೆರೆದಿದೆ. ಮುಚ್ಚಿರುವುದು ಕಚೇರಿಯ ಬಾಗಿಲು.

ಕೆನಡಾದ ಉದಾಹರಣೆ ಇಲ್ಲಿ ಪ್ರಸ್ತುತ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನರು 1987ರಲ್ಲಿ ತಮ್ಮ ಮನೆತನಗಳ ಹಾಡು ಮತ್ತು ಕಥನಗಳನ್ನೇ ಭೂಮಿಯ ಹಕ್ಕಿನ ಪುರಾವೆಯಾಗಿ ನ್ಯಾಯಾಲಯದ ಮುಂದಿಟ್ಟರು. ವೃದ್ಧ ಮುಖ್ಯಸ್ಥೆಯೊಬ್ಬರು ನ್ಯಾಯಾಲಯದಲ್ಲಿ ಹಾಡಲು ಹೊರಟಾಗ ವಿಚಾರಣಾ ನ್ಯಾಯಾಧೀಶರು ಆಕ್ಷೇಪಿಸಿದರು. 1991ರಲ್ಲಿ ಅವರ ವಿರುದ್ಧವೇ ತೀರ್ಪಿತ್ತರು. ಆದರೆ 1997ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿ, ಮೌಖಿಕ ಚರಿತ್ರೆಗೆ ಲಿಖಿತ ದಾಖಲೆಯ ಸಮಾನವಾದ ಸ್ಥಾನ ಸಲ್ಲಬೇಕೆಂದು ಹೇಳಿತು. ಹಾಡು ಅಲಂಕಾರವಲ್ಲ, ಸಾಕ್ಷ್ಯ ಎಂಬುದನ್ನು ಒಂದು ದೇಶದ ನ್ಯಾಯಾಲಯ ಒಪ್ಪಿಕೊಂಡ ಕ್ಷಣವದು.

ಅಬ್ಬೆತುಮಕೂರಿಗೂ ಅಂಕೋಲೆಗೂ ಏನು ನಂಟು?

ಕರಾವಳಿಯ ಈ ಕಥೆ ಭೀಮಾ ತೀರದ ಯಾದಗಿರಿಗೆ ದೂರದ್ದೆನಿಸಬಹುದು. ಹಾಗೇನಿಲ್ಲ. ಪಟ್ಟಿಯಲ್ಲಿ ಒಂದು ಹೆಸರು ಸೇರಿದರೆ ಅಥವಾ ಬಿಟ್ಟುಹೋದರೆ ಏನಾಗುತ್ತದೆಂಬುದು ರಾಜ್ಯದ ಬೇರೆ ಯಾವ ಜಿಲ್ಲೆಗಿಂತಲೂ ಯಾದಗಿರಿಗೆ ಚೆನ್ನಾಗಿ ಗೊತ್ತು. ಸುರಪುರ ಸಂಸ್ಥಾನವನ್ನು ಆಳಿ, 1857-58ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕನ ಬೇಡ ಸಮುದಾಯ ನಾಯಕರ ಪರ್ಯಾಯ ಹೆಸರಾಗಿ ಪಟ್ಟಿಗೆ ಸೇರಿದ್ದು 1991ರಲ್ಲಿ. ಇಂದು ಸುರಪುರ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ. ಇನ್ನೊಂದೆಡೆ ಇದೇ ಜಿಲ್ಲೆಯಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಕೋಲಿ, ಕಬ್ಬಲಿಗ ಸಮುದಾಯ ಅದೇ ಮಾನ್ಯತೆಗಾಗಿ ದಶಕಗಳಿಂದ ಧ್ವನಿ ಎತ್ತುತ್ತಿದೆ. ಒಂದೇ ಊರಿನ ಎರಡು ಓಣಿಗಳ ನಡುವೆ ಒಂದು ಪ್ರಮಾಣಪತ್ರದ ಅಂತರವಿದೆ.

ಹಾಡಿನ ವಿಷಯದಲ್ಲಿಯೂ ಈ ನೆಲ ಬಡವಾದದ್ದಲ್ಲ. ಯಾದಗಿರಿ ತಾಲ್ಲೂಕಿನ ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳ ಜನ ಹರಿದು ಬರುತ್ತಾರೆ. ಭಜನೆ, ತತ್ವಪದ, ಮೊಹರಮ್ಮಿನ ರಿವಾಯತು ಈ ಸೀಮೆಯ ಉಸಿರು. ಕಡಕೋಳದ ಮಡಿವಾಳಪ್ಪನಂಥ ತತ್ವಪದಕಾರರು ನಡೆದಾಡಿದ ನೆಲವಿದು. ತತ್ವಪದಕ್ಕೊಂದು ಅನುಕೂಲವಿದೆ, ಕಡೆಯ ನುಡಿಯಲ್ಲಿ ಅಂಕಿತವಿರುವುದರಿಂದ ಪದ ಯಾರದೆಂಬುದು ತಿಳಿಯುತ್ತದೆ. ಹಾಲಕ್ಕಿ ಮಹಿಳೆಯರ ಹಾಡಿಗೆ ಅಂಕಿತವಿಲ್ಲ. ನಾಟಿ ಮಾಡುತ್ತ ಒಬ್ಬಳು ಎತ್ತಿದ ಸಾಲಿಗೆ ಇನ್ನೊಬ್ಬಳು ಸಾಲು ಸೇರಿಸುತ್ತಾಳೆ. ಹಾಗಾಗಿ ಅದು ಎಲ್ಲರದೂ ಹೌದು, ಕಾನೂನಿನ ಕಣ್ಣಿನಲ್ಲಿ ಯಾರದೂ ಅಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆ 1994ರ ತಿದ್ದುಪಡಿಯ ನಂತರ ಹಾಡಿದವರಿಗೆ ಪ್ರದರ್ಶಕರ ಹಕ್ಕು ನೀಡಿದೆಯಾದರೂ ಸಾಮೂಹಿಕವಾಗಿ ಹುಟ್ಟಿದ ಹಾಡಿನ ಒಡೆತನದ ಬಗ್ಗೆ ಮೌನವಾಗಿದೆ. ಸಿನಿಮಾದವರು, ಧ್ವನಿಸುರುಳಿ ಕಂಪನಿಗಳು ಜನಪದ ಧಾಟಿಗಳನ್ನು ಮುಕ್ತವಾಗಿ ಬಳಸಿಕೊಂಡದ್ದು ಈ ಮೌನದ ಆಸರೆಯಲ್ಲಿಯೇ.

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಂದೂ ಇಲ್ಲ. ಬಳ್ಳಾರಿ ಸೀಮೆಯ ಬುರ್ರಕಥಾ ಕಲಾವಿದೆ ದರೋಜಿ ಈರಮ್ಮ ಪರಿಶಿಷ್ಟ ಜಾತಿಯ ಅಲೆಮಾರಿ ಸಮುದಾಯವಾದ ಬುಡ್ಗ ಜಂಗಮರವರು. ಹತ್ತಾರು ಮಹಾಕಥನಗಳನ್ನು ಕಂಠಸ್ಥ ಮಾಡಿಕೊಂಡಿದ್ದ ಅವರೂ ನಾಡೋಜರಾದರು, 2014ರಲ್ಲಿ ತೀರಿಕೊಂಡರು. ಕಾಯಂ ವಿಳಾಸವೇ ಇಲ್ಲದ ಅಲೆಮಾರಿಗೆ ಜಾತಿ ಪ್ರಮಾಣಪತ್ರ ಪಡೆಯುವುದೇ ಒಂದು ಯುದ್ಧ. ಹೆಸರು ಪಟ್ಟಿಯಲ್ಲಿದ್ದೂ ಕಾಗದ ಕೈಯಲ್ಲಿಲ್ಲದ ಸ್ಥಿತಿ ಅವರದು.

ಮುಂದೇನು?

2023ರ ಅಕ್ಟೋಬರ್ 14ರಂದು ಆಸ್ಟ್ರೇಲಿಯಾದಲ್ಲಿ ಮತ್ತೊಂದು ಜನಮತಗಣನೆ ನಡೆಯಿತು. ಮೂಲನಿವಾಸಿಗಳಿಗೆ ಸಂಸತ್ತಿನ ಮುಂದೆ ಅಭಿಪ್ರಾಯ ಹೇಳಲು ಸಂವಿಧಾನಬದ್ಧ ಸಂಸ್ಥೆಯೊಂದು ಬೇಕೇ ಎಂಬುದು ಪ್ರಶ್ನೆ. ಆ ಸಂಸ್ಥೆಗೆ ಇಟ್ಟ ಹೆಸರೇ ‘ದನಿ’. ಶೇಕಡ 60ರಷ್ಟು ಮತದಾರರು ಬೇಡವೆಂದರು. ಮೂಲನಿವಾಸಿ ಗಾಯಕರ ದನಿಗೆ ದಶಕಗಳಿಂದ ಚಪ್ಪಾಳೆ ತಟ್ಟಿದ ದೇಶ ಅದೇ ಜನರ ದನಿಯನ್ನು ಸಂವಿಧಾನದಲ್ಲಿ ಬರೆಯಲು ಒಪ್ಪಲಿಲ್ಲ.

ಕರ್ನಾಟಕದ ಮುಂದೆ ಇನ್ನೂ ಅವಕಾಶವಿದೆ. ಮೊದಲನೆಯದು, ಹಾಲಕ್ಕಿಗಳ ಕುರಿತು ಕುಲಶಾಸ್ತ್ರೀಯ ಅಧ್ಯಯನದ ಆಧಾರದಲ್ಲಿ ಕೇಂದ್ರದ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರಿಸಿ, ಒಪ್ಪಿಗೆಯೋ ನಿರಾಕರಣೆಯೋ, ಕಾಲಮಿತಿಯಲ್ಲಿ ಇತ್ಯರ್ಥವಾಗುವಂತೆ ನೋಡಿಕೊಳ್ಳುವುದು. ಎರಡನೆಯದು, ಅದಕ್ಕೂ ಕಾಯದೆ ಕೈಗೊಳ್ಳಬಹುದಾದ ಕೆಲಸ. ಅರಣ್ಯ ಹಕ್ಕು ಸಮಿತಿಗಳು ಹಿರಿಯರ ಹೇಳಿಕೆಗಳನ್ನು ಪಡೆಯುವಾಗ ಸ್ಥಳನಾಮ, ಗದ್ದೆ, ಹಳ್ಳ, ದೇವರಕಾಡು, ವಂಶದ ಹೆಸರು ಬರುವ ಹಾಡುಗಳನ್ನೂ ದಾಖಲಿಸಿಕೊಳ್ಳಲು ಸರ್ಕಾರ ಸೂಚಿಸಬಹುದು. ಇದಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಜಾನಪದ ವಿಶ್ವವಿದ್ಯಾಲಯ, ಅಕಾಡೆಮಿ, ಆಕಾಶವಾಣಿಯ ಸಂಗ್ರಹಾಲಯಗಳಲ್ಲಿ ಧ್ವನಿಮುದ್ರಿಕೆಗಳಿವೆ. ಅವು ಇದುವರೆಗೆ ಸಂಶೋಧಕರಿಗೆ ಸಾಮಗ್ರಿಯಾಗಿವೆ; ಹಾಡಿದವರ ಮೊಮ್ಮಕ್ಕಳಿಗೂ ದಾಖಲೆಯಾಗಿ ಒದಗಲಿ.

ಮೂರನೆಯದು ಪ್ರಶಸ್ತಿಯ ಬಗೆಗಿನ ದೃಷ್ಟಿ. ಮುಪ್ಪಿನಲ್ಲಿ ಒಬ್ಬ ಕಲಾವಿದೆಗೆ ಶಾಲು ಹೊದಿಸಿ, ಅಲ್ಪ ಮಾಸಾಶನ ನೀಡಿದರೆ ಒಂದು ಸಮುದಾಯದ ಋಣ ತೀರಿತೆಂಬ ಭಾವನೆ ಆಡಳಿತದಲ್ಲಿ ಬೇರೂರಿದೆ. ಜನಪದ ಕಲಾವಿದೆ ಒಂಟಿ ಪ್ರತಿಭೆಯಲ್ಲ. ಆಕೆಯ ಹಿಂದೆ ಗದ್ದೆ ಇದೆ, ಆ ಗದ್ದೆಯಲ್ಲಿ ದನಿಗೂಡಿಸುವ ಹತ್ತು ಮಹಿಳೆಯರಿದ್ದಾರೆ. ಗದ್ದೆ ಕೈತಪ್ಪಿದರೆ ನಾಟಿಯ ಹಾಡು ವೇದಿಕೆಯ ಪ್ರದರ್ಶನವಾಗಿ ಉಳಿಯುತ್ತದೆ, ಮುಂದಿನ ತಲೆಮಾರಿನಲ್ಲಿ ಅದೂ ಉಳಿಯದು.

ಸುಕ್ರಿ ಬೊಮ್ಮಗೌಡ ತಮಗೆ ದೊರೆತ ಪ್ರತಿ ವೇದಿಕೆಯನ್ನೂ ತಮ್ಮ ಜನರ ಅರ್ಜಿ ಸಲ್ಲಿಸಲು ಬಳಸಿಕೊಂಡರು. ನಾಡು ಹಾಡನ್ನು ಕೇಳಿಸಿಕೊಂಡಿತು, ಅರ್ಜಿಯನ್ನು ಪಕ್ಕಕ್ಕಿಟ್ಟಿತು. ಆ ಅರ್ಜಿ ಇತ್ಯರ್ಥವಾಗುವವರೆಗೆ ಬಡಗೇರಿಯ ಅಜ್ಜಿಗೆ ಸಂದ ಗೌರವ ಅರ್ಧದಷ್ಟೇ.